ಕೋಡಿಯ ಮೇಲೊಂದು ಕಾಲುದಾರಿ

ಚಂಡಮಾರುತ ಎದ್ದದ್ದು ದೂರದ ಬಂಗಾಳ ಕೊಲ್ಲಿಯಲ್ಲಿ. ಅದರ ಬಾಲ ಬಡಿದದ್ದು ನಮ್ಮ ಅಜ್ಜಂಪುರದ ಕಡೆಗೆ. ಮಳೆ ನಿಂತ ಬೆಳಿಗ್ಗೆ ಕೆರೆ ಪಾರ್ಕಿಗೆ ಹೋದಾಗ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಜಿರಾಫೆಯ ಕತ್ತು. ಬಾಯಿಗೆ ಕಸ ಹಾಕಲೆಂದು ನಿಲ್ಲಿಸಿದ್ದ ಫೈಬರ್ ಜಿರಾಫೆ ಅದು. ಕತ್ತು ಬೇಲಿಯ ತಂತಿಗೆ ಸಿಕ್ಕಿಕೊಂಡಿತ್ತು, ಉಳಿದ ಮೈ ಹಳ್ಳದ ಆಚೆ ಯಾರದೋ ತೆಂಗಿನ ತೋಟದಲ್ಲಿ ಮಲಗಿತ್ತು. ಊರಿನ ಹೆಸರನ್ನು ಆಳೆತ್ತರದ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಪಕ್ಕಕ್ಕೊಂದು ಕೆಂಪು ಹೃದಯ ನೆಟ್ಟು, ಸೆಲ್ಫಿ ತೆಗೆದುಕೊಳ್ಳಿ ಎಂದು ಬಿಟ್ಟಿದ್ದರು. ಅದರಲ್ಲಿ ಹೃದಯವೊಂದೇ ಉಳಿದಿತ್ತು. ನನಗೆ ಅಯ್ಯೋ ಅನ್ನಿಸಲಿಲ್ಲ. ನಗು ಬಂತು.

ನಾನು ಕಡೂರಿನವಳು. ಆಗ ತರೀಕೆರೆಯಲ್ಲಿ ಸಹಾಯಕ ಎಂಜಿನಿಯರ್. ಪಾರ್ಕು ಕಟ್ಟಿದ್ದು ನಾನು ಆ ಜಾಗಕ್ಕೆ ಬರುವ ಮೊದಲು. ಕೊಚ್ಚಿಹೋದದ್ದನ್ನು ಸರಿಮಾಡುವ ಭಾಗ್ಯ ಮಾತ್ರ ನನ್ನ ಪಾಲಿಗೆ ಬಂತು. ಕೆರೆ ಹತ್ತಿರದ ಬುಕ್ಕಾಂಬುಧಿ ಕೆರೆಯಷ್ಟು ದೊಡ್ಡದಲ್ಲ, ಆದರೆ ಹಳೆಯದು, ಗಟ್ಟಿಯಾದದ್ದು. ಅದರ ಅಂಚಿನಲ್ಲೇ ಸುತ್ತಿ ಬರುವ ಒಂದು ಕಾಲುದಾರಿ ಮಾಡಿದ್ದರು. ಇಲಾಖೆಯ ಭಾಷೆಯಲ್ಲಿ ಅದು ವಾಯುವಿಹಾರ ಪಥ. ಆ ಪಥದ ಅರ್ಧದಷ್ಟು ಈಗ ಹಳ್ಳದಲ್ಲಿತ್ತು. ಪೇವರ್ ಇಟ್ಟಿಗೆಗಳು ಮಂಡಕ್ಕಿ ಚೆಲ್ಲಿದ ಹಾಗೆ ಕಂಡಕಂಡಲ್ಲಿ ಬಿದ್ದಿದ್ದವು.

ಇಷ್ಟು ಹಾಳಾದದ್ದು ಚಂಡಮಾರುತದಿಂದ ಎಂದು ಎಲ್ಲರೂ ಹೇಳಿದರು. ಪಾಪ, ಚಂಡಮಾರುತಕ್ಕೆ ಬಾಯಿಲ್ಲ. ಹಾಳಾದದ್ದು ಒಂದು ಪದದಿಂದ.

ಪಾರ್ಕಿನ ಡಿಸೈನರ್ ಕರಾವಳಿಯವರು. ಕಡಲ ದಂಡೆಯಲ್ಲಿ ಕಾಲುದಾರಿ, ಮರದ ಅಟ್ಟಣೆ, ಬೆಂಚು ಇಂಥವನ್ನೆಲ್ಲ ಮಾಡಿ ಹೆಸರು ಮಾಡಿದ್ದವರು. ಮೊದಲ ಸಲ ಜಾಗ ನೋಡಲು ಬಂದಾಗ ಅವರು ಕೆರೆ ಏರಿಯ ಒಂದು ತುದಿಯಲ್ಲಿ ತಗ್ಗಾದ, ಅಗಲವಾದ, ಚೊಕ್ಕಟ ಕಲ್ಲು ಹಾಸಿದ ಜಾಗ ಕಂಡು ಇದೇನು ಎಂದು ಊರಿನವರನ್ನು ಕೇಳಿದರಂತೆ. "ಅದು ಕೋಡಿ ಸಾರ್" ಎಂದಿದ್ದಾರೆ ಊರಿನವರು. ಡಿಸೈನರ ಮುಖ ಅರಳಿದೆ. ಅವರ ಊರಿನ ಕಡೆ ಕೋಡಿ ಎಂದರೆ ನೀರಿನೊಳಕ್ಕೆ ಚಾಚಿದ ನೆಲದ ಮೂತಿ, ಹೊಳೆ ಕಡಲು ಸೇರುವ ಜಾಗ, ಜನ ಸಂಜೆ ಗಾಳಿಗೆ ಹೋಗಿ ಕೂರುವ ಜಾಗ. ನಮ್ಮ ಕಡೆ ಕೋಡಿ ಎಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಏರಿಗೆ ಹೊರೆಯಾಗದಂತೆ ಹೊರಕ್ಕೆ ಹರಿದುಹೋಗಲು ಬಿಟ್ಟ ಕಲ್ಲಿನ ಬಾಗಿಲು. ಅವರು ಆ ಬಾಗಿಲಿನ ಮೇಲೆ ಮಣ್ಣು ತುಂಬಿಸಿ, ಪೇವರ್ ಹಾಸಿಸಿ, ಬೆಂಚು ಇಡಿಸಿ, ನಕ್ಷೆಯಲ್ಲಿ ಕೋಡಿ ವ್ಯೂ ಪಾಯಿಂಟ್ ಎಂದು ಬರೆದರು.

ಅವರನ್ನು ನಾನು ಕ್ಷಮಿಸಬಲ್ಲೆ. ಅವರಿಗೆ ಗೊತ್ತಿರಲಿಲ್ಲ. ಆದರೆ ಆ ನಕ್ಷೆಗೆ ಸಹಿ ಹಾಕಿದವರೆಲ್ಲ ಈ ಸೀಮೆಯವರು. ಕೆರೆ ಕೋಡಿ ಬಿತ್ತು ಎಂದು ಚಿಕ್ಕಂದಿನಲ್ಲಿ ಓಡಿಹೋಗಿ ನೋಡಿದವರು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕೋಡಿ ಅವರಲ್ಲಿ ಒಬ್ಬರಿಗೂ ಕೋಡಿಯಾಗಿ ಕಾಣಲಿಲ್ಲ. ಎಷ್ಟೋ ವರ್ಷ ಕೆರೆ ತುಂಬಿರಲಿಲ್ಲ, ಹಾಗಾಗಿ ನೀರು ಬರುವುದೇ ಇಲ್ಲ ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿಕೊಂಡುಬಿಟ್ಟಿದ್ದರು. ಈ ಜನರ ಓದು, ಸರ್ವಿಸ್ಸು, ಕುತ್ತಿಗೆಯಲ್ಲಿ ನೇತಾಡುವ ಗುರುತಿನ ಚೀಟಿ ಎಲ್ಲವನ್ನೂ ಜಿರಾಫೆಯ ಬಾಯಿಗೆ ಹಾಕಬೇಕು ಅನ್ನಿಸಿತು.

ನಾನು ತಂತಿಯಿಂದ ಜಿರಾಫೆಯ ಕತ್ತು ಬಿಡಿಸಲು ನೋಡುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂತು.

"ನಗ್ತಿದೀರಲ್ಲ ಮೇಡಂನೋರೇ. ಏರಿ ಒಡ್ದಿದ್ರೆ ನಂ ಮನೆ ಆ ಜಿರಾಫೆ ಜೊತೆಗೇ ಹೋಗ್ತಿತ್ತು. ಆಗ್ಲೂ ನಗ್ತಿದ್ರಾ?"

ಪಾರ್ಕಿನ ಗೇಟು ಕಾಯುವ ಹೆಂಗಸು ಅವಳು. ಗಂಡ ಲಾರಿ ಓಡಿಸುತ್ತಾನೆ, ಮನೆಯಲ್ಲಿ ಅತ್ತೆ, ಇಬ್ಬರು ಹೆಣ್ಣುಮಕ್ಕಳು. ಏರಿಯ ಕೆಳಗಿನ ಕಾಲೋನಿಯಲ್ಲಿ ಮೊದಲ ಮನೆಯೇ ಅವಳದು, ಬಚ್ಚಲಿನ ಹಿಂದೆ ಕೈ ಚಾಚಿದರೆ ಏರಿಯ ಮಣ್ಣು ಸಿಗುತ್ತದೆ. ಮಳೆಯ ರಾತ್ರಿಗಳಲ್ಲಿ ಮಕ್ಕಳನ್ನು ಶಾಲೆಯಲ್ಲಿ ಮಲಗಿಸಿ ತಾನು ಏರಿಯ ಮೇಲೆ ಕೂತಿದ್ದಳಂತೆ. ಕೋಡಿಯ ಮೇಲೆ ತುಂಬಿದ್ದ ಮಣ್ಣು ಸಡಿಲವಾಗಿದ್ದದ್ದೇ ಅವಳ ಪುಣ್ಯ. ನೀರು ಅದನ್ನು ತಳ್ಳಿಕೊಂಡು ಹೋಯಿತು, ಏರಿ ಉಳಿಯಿತು. ಇಷ್ಟು ಅವಳಿಗೆ ಅರ್ಥವಾಗಿತ್ತು, ಅದಕ್ಕಿಂತ ಹೆಚ್ಚು ಅರ್ಥ ಮಾಡಿಕೊಳ್ಳುವ ಅಗತ್ಯ ಅವಳಿಗೆ ಇರಲಿಲ್ಲ. ನಾನು ನಗುವುದನ್ನು ನಿಲ್ಲಿಸಿದೆ.

ಕೆಲಸ ಶುರುವಾದದ್ದು ನಡಿಗೆಯಿಂದ. ಕೊಚ್ಚಿಹೋದ ದಾರಿಯನ್ನು ರಿಪೇರಿ ಮಾಡುವ ಮೊದಲು ನೀರು ಎಲ್ಲಿಂದ ಬಂತು, ಎಲ್ಲಿ ತಿರುಗಿತು, ಎಲ್ಲಿ ಕೊರೆಯಿತು ಎಂದು ಕಾಲಲ್ಲಿ ನಡೆದೇ ನೋಡಬೇಕು. ಗಿಡಗಳಿಗೆ ಸಿಕ್ಕಿಕೊಂಡ ಹುಲ್ಲು, ಪ್ಲಾಸ್ಟಿಕ್ ಚೀಲ ಎಷ್ಟು ಎತ್ತರದಲ್ಲಿವೆಯೋ ನೀರು ಅಷ್ಟು ಎತ್ತರಕ್ಕೆ ಬಂದಿತ್ತು ಎಂದು ಅರ್ಥ. ಅಲ್ಲೆಲ್ಲ ಸುಣ್ಣದ ಗುರುತು ಹಾಕಿಸಿದೆ. ಆಮೇಲೆ ಲೆವೆಲ್ ಯಂತ್ರ ನಿಲ್ಲಿಸಿ ಏರಿಯ ನೆತ್ತಿ, ಕೋಡಿಯ ಕಲ್ಲು, ಅದರ ಅಂಚಿನಲ್ಲಿ ಕೊಚ್ಚದೆ ಉಳಿದ ದಾರಿಯ ಮೇಲ್ಮೈ ಮೂರನ್ನೂ ಅಳೆದೆ. ಕೋಡಿಯ ಮೇಲೆ ಹಾಕಿದ್ದ ದಾರಿ ಹೆಚ್ಚುಕಡಿಮೆ ಏರಿಯ ನೆತ್ತಿಗೆ ಸಮವಾಗಿತ್ತು. ಅಂದರೆ ಕೆರೆಗೆ ಉಸಿರಾಡಲು ಇದ್ದ ಒಂದೇ ಮೂಗನ್ನು ಇವರು ಬಟ್ಟೆ ತುರುಕಿ ಮುಚ್ಚಿದ್ದರು.

ಉಳಿದ ಕಡೆ ತೊಂದರೆ ದೊಡ್ಡದಿರಲಿಲ್ಲ. ಹೂಳು ಎತ್ತಿಸಿದೆವು. ದಾರಿಯನ್ನು ಕೆರೆಯ ಅಂಚಿನಿಂದ ಸ್ವಲ್ಪ ಮೇಲಕ್ಕೆ, ಗಟ್ಟಿ ನೆಲಕ್ಕೆ ಸರಿಸಿದೆವು. ಪೇವರ್ ಬೇಡವೆಂದು ಗ್ರಾವೆಲ್ ಹರಡಿಸಿ, ನೀರು ಚಿಮುಕಿಸಿ, ರೋಲರ್ ಹೊಡೆಸಿ, ಹೊರಗಡೆಗೆ ತುಸು ಓರೆ ಕೊಟ್ಟೆವು, ಮಳೆ ನೀರು ದಾರಿಯ ಮೇಲೆ ನಿಲ್ಲದೆ ಅಡ್ಡಲಾಗಿ ಇಳಿದುಹೋಗಲಿ ಎಂದು. ಕೊರೆದ ಕಡೆಗಳಲ್ಲಿ ತಂತಿ ಬಲೆಯೊಳಗೆ ಕಲ್ಲು ತುಂಬಿಸಿ ತಡೆ ಕಟ್ಟಿಸಿದೆ. ಸಣ್ಣ ತೊರೆಗಳು ದಾಟುವಲ್ಲಿ ದಾರಿಯನ್ನೇ ತಗ್ಗಿಸಿ ಕಲ್ಲು ಹಾಸಿಸಿದೆ. ನೀರಿನ ಜೊತೆ ಜಗಳಕ್ಕೆ ಹೋಗದಿದ್ದರೆ ಅದೂ ನಮ್ಮ ತಂಟೆಗೆ ಬರುವುದಿಲ್ಲ.

ಕೋಡಿಗೂ ಅದನ್ನೇ ಮಾಡೋಣ ಎಂದೆ. ಮಣ್ಣು ಬೇಡ, ಹಳೆಯ ಕಲ್ಲಿನ ಮಟ್ಟಕ್ಕೇ ದಪ್ಪ ಹಾಸುಗಲ್ಲು ಕೂರಿಸೋಣ, ಎರಡೂ ಕಡೆ ನಾಲ್ಕು ಮೆಟ್ಟಿಲು. ಕೋಡಿ ಒಣಗಿದ್ದಾಗ ಜನ ನಡೆಯಲಿ, ಹರಿಯುವಾಗ ನಿಂತು ನೋಡಿ ವಾಪಸ್ ಹೋಗಲಿ. ಇದನ್ನು ಹಿಡಿದುಕೊಂಡು ನಮ್ಮ ಮೇಲಿನ ಸಾಹೇಬರ ಕೋಣೆಗೆ ಹೋದೆ. ಅಲ್ಲಿ ಪಾರ್ಕ್ ಸಮಿತಿಯ ಅಧ್ಯಕ್ಷರೂ ಕೂತಿದ್ದರು. ಗುತ್ತಿಗೆ ಅವರ ಭಾವಮೈದುನನ ಹೆಸರಿನಲ್ಲಿತ್ತು, ಕೆಲಸ ಮಾಡಿಸುತ್ತಿದ್ದವರು ಅವರೇ. ಡಿಸೈನರು ಗೋಡೆಯ ಮೇಲಿನ ಪರದೆಯಲ್ಲಿ ವಿಡಿಯೋ ಕರೆಯಲ್ಲಿದ್ದರು.

"ಮೆಟ್ಲಾ? ಮೆಟ್ಲು ಆಗಾಕಿಲ್ಲ ಕಣ್ರೀ ಮೇಡಂ," ಎಂದರು ಅಧ್ಯಕ್ಷರು. "ರಿಪೇರಿ ಆದ್ಮೇಲೆ ಪಾರ್ಕ್ ಓಪನಿಂಗ್‌ಗೆ ಬರೋ ನಮ್ಮ ನಾಯಕ್ರಿಗೆ ಮಂಡಿ ನೋವು. ಪಾರ್ಕ್ ಸುತ್ತ ಬ್ಯಾಟ್ರಿ ಗಾಡೀಲಿ ಒಂದ್ ರೌಂಡ್ ಹೊಡ್ಸಿ ಕೋಡಿ ಹತ್ರ ಬಾಗಿನ ಬಿಡ್ಸೋದು ಅಂತ ಪ್ರೋಗ್ರಾಂ. ಗಾಡಿ ಮೆಟ್ಲು ಹತ್ತುತ್ತಾ?"

"ಪೈಪ್ ಹಾಕಿ ಅದರ ಮೇಲೆ ದಾರಿ ಎತ್ತರಿಸುವ ಮೇಡಂ," ಎಂದರು ಪರದೆಯೊಳಗಿನ ಡಿಸೈನರು. "ನಮ್ಮಲ್ಲಿ ಕಡಲಿನ ಅಲೆಗೇ ಏನೂ ಆಗ್ಲಿಲ್ಲ. ನಿಮ್ಮ ಈ ಕೆರೆಗೆ ಎಂತ ಆಗುದು ಮಾರಾಯ್ರೆ?"

ಪೈಪುಗಳ ಬಾಯಿಗೆ ಜಾಲಿ ಕೊಂಬೆ, ಅಂತರಗಂಗೆ ಬಳ್ಳಿ, ಪ್ಲಾಸ್ಟಿಕ್ಕು ಬಂದು ಕೂರುತ್ತವೆ, ಒಮ್ಮೆ ಕೂತರೆ ತೆಗೆಯಲು ಯಾರಪ್ಪನಿಂದಲೂ ಆಗುವುದಿಲ್ಲ ಎಂದು ನಾನು ವಿವರಿಸಿದೆ. ನೀರು ಏರಿಯ ಮೇಲೆ ಹತ್ತಿದರೆ ಕೆಳಗೆ ಕಾಲೋನಿ ಇದೆ ಎಂದೂ ಹೇಳಿದೆ. ಸಾಹೇಬರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಕೇಳಿಸಿಕೊಳ್ಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

"ನೋಡಮ್ಮಾ," ಎಂದರು ಕೊನೆಗೆ, "ಟೆಕ್ನಿಕಲ್ ಆಗಿ ನೀನು ಹೇಳೋದು ಸರಿ ಇರಬಹುದು. ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚನೆ ಮಾಡು."

ಪ್ರಾಕ್ಟಿಕಲ್ ಎಂಬ ಪದಕ್ಕೆ ನಮ್ಮಲ್ಲಿ ಒಂದೇ ಅರ್ಥ, ಬಾಯಿ ಮುಚ್ಚಿಕೊಂಡಿರು ಎಂದು. ನಾನು ಮುಚ್ಚಿಕೊಳ್ಳಲಿಲ್ಲ. ಆದ್ದರಿಂದ ಮರುವಾರವೇ ನನ್ನನ್ನು ಪಂಚನಹಳ್ಳಿ ಕಡೆಯ ಒಂದು ಚೆಕ್ ಡ್ಯಾಮಿನ ಅಳತೆಗೆ ಕಳಿಸಿದರು. ವಾಪಸ್ ಬಂದು ನೋಡಿದರೆ ಕೋಡಿಯ ಮೇಲೆ ಸಿಮೆಂಟ್ ಪೈಪುಗಳು ಸಾಲಾಗಿ ಮಲಗಿದ್ದವು, ಅವುಗಳ ಮೇಲೆ ಮಣ್ಣು ತುಂಬಿ, ಮತ್ತೆ ಪೇವರ್ ಹಾಸಲೆಂದು ರೋಲರ್ ಹೊಡೆದಾಗಿತ್ತು. ಈ ಸಲ ಚೆನ್ನಾಗಿಯೇ ಹೊಡೆದಿದ್ದರು. ಮೊದಲ ಸಲದ ಸಡಿಲ ಕೆಲಸ ಊರನ್ನು ಉಳಿಸಿತ್ತು, ಈ ಸಲದ ಒಳ್ಳೆಯ ಕೆಲಸ ಮುಳುಗಿಸುವಂತಿತ್ತು. ಕೆರೆ ಆಗಲೇ ಮುಕ್ಕಾಲುಪಾಲು ತುಂಬಿತ್ತು. ಬಾಗಿನದ ಫೋಟೋದಲ್ಲಿ ಕೆರೆ ಕಂಠಪೂರ್ತಿ ತುಂಬಿ ಕಾಣಬೇಕು ಎಂದು ಅಧ್ಯಕ್ಷರು ತೋಟಗಳಿಗೆ ನೀರು ಬಿಡುವ ತೂಬನ್ನೂ ಮುಚ್ಚಿಸಿದ್ದರು. ತೋಟದವರಿಗೆ ಹನಿ ನೀರು ಬಿಡಲಿಲ್ಲ.

ಇಷ್ಟರಲ್ಲಿ ಕೊಲ್ಲಿಯಲ್ಲಿ ಇನ್ನೊಂದು ವಾಯುಭಾರ ಕುಸಿತ ಎಂದು ಟೀವಿಯವರು ಕಿರುಚಿಕೊಳ್ಳತೊಡಗಿದರು. ಕಾರ್ಯಕ್ರಮವನ್ನು ಮುಂದೂಡಿ ಎಂದು ನಾನು ಹೇಳಿದೆ. ನಾಯಕರ ಡೇಟು ಸಿಗುವುದು ಎಷ್ಟು ಕಷ್ಟ ಗೊತ್ತೇನಮ್ಮಾ ಎಂದರು ಸಾಹೇಬರು. ಚಂಡಮಾರುತದ ಡೇಟು ಸುಲಭವಾಗಿ ಸಿಕ್ಕಿತ್ತು.

ಕಾರ್ಯಕ್ರಮದ ಹಿಂದಿನ ದಿನ ಬೆಳಿಗ್ಗೆ ಗೇಟಿನ ಹೆಂಗಸು ಫೋನ್ ಮಾಡಿದಳು. ಅದಕ್ಕೂ ಮುಂಚಿನ ದಿನವಿಡೀ ಮಳೆ ಹೊಯ್ದಿತ್ತು.

"ಮೇಡಂ, ನಮ್ ಬಚ್ಲು ಹಿಂದೆ ನೆಲ ಬೆವರ್ತಾ ಐತೆ. ನೀವ್ ಬತ್ತೀರೋ, ನಾನೇ ಮಕ್ಳು ಮರೀನ ಕಟ್ಕೊಂಡು ನಿಮ್ಮನೆಗ್ ಬರ್ಲೋ?"

ನಾನು ಹೋಗಿ ನೋಡಿದೆ. ಏರಿಯ ಬುಡದಲ್ಲಿ, ಅವಳ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ನೀರು ಜಿನುಗುತ್ತಿತ್ತು. ಬೆರಳು ಅದ್ದಿ ಅಂಗೈಗೆ ಹಾಕಿಕೊಂಡೆ. ತಿಳಿಯಾಗಿತ್ತು. ಜಿನುಗುವ ನೀರು ತಿಳಿಯಾಗಿದ್ದರೆ ಹಳೆಯ ಏರಿ ಸ್ವಲ್ಪ ಸೋರುತ್ತಿದೆ ಎಂದಷ್ಟೇ ಲೆಕ್ಕ. ಕೆಂಪಾದರೆ ಏರಿಯ ಹೊಟ್ಟೆಯೊಳಗಿನ ಮಣ್ಣು ಹೊರಗೆ ಹೊರಟಿದೆ ಎಂದು ಅರ್ಥ, ಆಮೇಲೆ ಹೆಚ್ಚು ಹೊತ್ತು ಸಿಗುವುದಿಲ್ಲ. ಕಾಲೋನಿಯವರನ್ನೆಲ್ಲ ಶಾಲೆಗೆ ಹೋಗಿ ಎಂದೆ. ಮುದುಕರು, ಮಕ್ಕಳು, ಆಡು, ಟೀವಿ ಎಲ್ಲ ಹೊರಟವು. ಜಿನುಗುವ ಬಾಯಿಗೆ ಮಣ್ಣು ತುಂಬಲು ಗಂಡಸರು ಗುದ್ದಲಿ ತಂದರು. ಹಾಗೆ ಮುಚ್ಚಬಾರದು, ಮುಚ್ಚಿದರೆ ನೀರು ಇನ್ನೊಂದು ಕಡೆ ಬಾಯಿ ತೆರೆಯುತ್ತದೆ. ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಹೇರಿಸಿದೆ. ನೀರು ಬರಲಿ, ಮಣ್ಣು ಬರಬಾರದು. ಮರಳು ಸಿಕ್ಕಿದ್ದು ಪಾರ್ಕಿನಲ್ಲಿ ಮಕ್ಕಳ ಜಾರುಬಂಡೆಯ ಕೆಳಗೆ ಹಾಕಿದ್ದರಿಂದ. ಆ ಪಾರ್ಕಿನಿಂದ ಊರಿಗಾದ ಮೊದಲ ಉಪಕಾರ ಅದು.

ಕೋಡಿಯ ಹತ್ತಿರ ನಾನು ಹೇಳಿದ್ದೇ ಆಗಿತ್ತು. ಪೈಪುಗಳ ಬಾಯಲ್ಲಿ ಜಾಲಿ ಮುಳ್ಳಿನ ಕೊಂಬೆಗಳು ಹೆಣೆದುಕೊಂಡಿದ್ದವು, ಅವುಗಳ ಮೇಲೆ ಬಳ್ಳಿ ಚಾಪೆಯ ಹಾಗೆ ಹರಡಿತ್ತು. ಆಚೆ ಬದಿಯಲ್ಲಿ ಪೈಪುಗಳಿಂದ ಮಗು ಉಚ್ಚೆ ಹೊಯ್ದಷ್ಟು ನೀರು ಬೀಳುತ್ತಿತ್ತು. ಉದ್ದ ಬಿದಿರಿಗೆ ಕೊಕ್ಕೆ ಕಟ್ಟಿ ಎಳೆದು ನೋಡಿದೆವು. ಒಂದು ಕೊಂಬೆ ಬಂದರೆ ಇನ್ನೊಂದು ಬಂದು ಕೂರುತ್ತಿತ್ತು. ತೂಬು ತೆರೆಯೋಣವೆಂದರೆ ಅದರ ಕಾಲುವೆ ಈ ಮಳೆಯ ಹೂಳಿನಲ್ಲಿ ಮುಚ್ಚಿಹೋಗಿತ್ತು, ತೆರೆದರೆ ಆ ನೀರೂ ಕಾಲೋನಿಯೊಳಕ್ಕೇ. ಕೆರೆಯ ನೀರು ಏರಿಯ ನೆತ್ತಿಯಿಂದ ಒಂದು ಮೊಳದಷ್ಟು ಕೆಳಗಿತ್ತು, ಸುತ್ತಲಿನ ಹಳ್ಳಗಳೆಲ್ಲ ಇನ್ನೂ ಕೆರೆಗೆ ಇಳಿಯುತ್ತಿದ್ದವು.

ಮಧ್ಯಾಹ್ನದ ಹೊತ್ತಿಗೆ ಬಚ್ಚಲ ಹಿಂದಿನ ನೀರಿನಲ್ಲಿ ಕೆಂಪು ಕಾಣಿಸಿಕೊಂಡಿತು. ಭಯವಾಯಿತು ಎಂದೇ ಹೇಳಬೇಕು. ಸಾಹೇಬರಿಗೆ ಫೋನ್ ಮಾಡಿದೆ.

"ಸಾರ್, ಕೋಡಿ ಮೇಲಿನ ದಾರಿ ಒಡೀಬೇಕು. ಈಗಲೇ."

"ಏನು ಮಾತಾಡ್ತೀಯಮ್ಮಾ? ನಾಳೆ ಅದರ ಮೇಲೆ ಗಾಡಿ ಬರುತ್ತೆ. ಪ್ರೋಗ್ರಾಂ ಮುಗಿಯೋವರೆಗೆ ಹೆಂಗಾದ್ರೂ ತಡ್ಕೋ."

"ತಡ್ಕೋಬೇಕಾಗಿರೋದು ನಾನಲ್ಲ ಸಾರ್, ಏರಿ."

ಅವರು ಮರಳು ಮೂಟೆ ಇಡಿಸು ಎಂದರು, ಸಿಗ್ನಲ್ ಸರಿಯಿಲ್ಲ ಎಂದರು, ಕಟ್ ಮಾಡಿದರು. ಸಿಗ್ನಲ್ ಚೆನ್ನಾಗಿಯೇ ಇತ್ತು.

ಪಾರ್ಕಿನಲ್ಲಿ ಶಾಮಿಯಾನದ ಕಂಬಕ್ಕೆ ಗುಂಡಿ ತೋಡಲು ಬಂದ ಜೆಸಿಬಿ ಒಂದಿತ್ತು. ಆಪರೇಟರನಿಗೆ ಬಾ ಎಂದೆ. ಯಂತ್ರ ಕೋಡಿಯ ಹತ್ತಿರ ಬರುವಷ್ಟರಲ್ಲಿ ಅಧ್ಯಕ್ಷರು ಬೈಕಿನ ಹಿಂದೆ ಕೂತು ಬಂದಿಳಿದರು. ಊರಿನ ಅರ್ಧ ಜನ ಅಲ್ಲಿ ಸೇರಿದ್ದರು. ಅಧ್ಯಕ್ಷರು ನನ್ನ ಜೊತೆ ಲೆವೆಲ್ಲು, ಪೈಪು, ಒತ್ತಡ ಯಾವುದನ್ನೂ ಮಾತಾಡಲಿಲ್ಲ. ಅವರಿಗೆ ಜನ ಗೊತ್ತು. ಜನರ ಕಡೆಗೇ ತಿರುಗಿದರು.

"ಏನ್ರಪ್ಪಾ, ಕೆರೆ ತುಂಬೈತೆ. ಗಂಗಮ್ಮ ಮನೆಗ್ ಬಂದವ್ಳೆ. ಬಾಗಿನ ಕೊಡ್ದೆ, ಮಡ್ಲು ತುಂಬ್ದೆ, ಬರಿಗೈಲಿ ಆಚೆ ಕಳಿಸ್ತೀರಾ? ಹೆಣ್ಮಗಳನ್ನ ಹಂಗೆ ಕಳಿಸೋದುಂಟಾ ನಮ್ಮಲ್ಲಿ? ನಾಳೆ ನಾಯಕ್ರು ಬಂದು ಬಾಗಿನ ಬಿಡ್ಲಿ, ಆಮ್ಯಾಕೆ ಬೇಕಾದ್ರೆ ಒಡ್ಕಳಿ."

ಬಾಗಿನ ಕೊಡದೆ ಕೋಡಿ ಹರಿಸಬಾರದು ಎಂಬ ಶಾಸ್ತ್ರ ಹುಟ್ಟಿದ್ದು ಆ ಕ್ಷಣದಲ್ಲಿ, ಅವರ ಬಾಯಿಂದ. ಕೋಡಿ ಬಿದ್ದ ಮೇಲೆ ಬಾಗಿನ ಕೊಡುವುದನ್ನೇ ನಾನು ಕಂಡಿದ್ದೆ. ಆದರೆ ಮಾತು ನಾಟಿತು. ಗುದ್ದಲಿ ಹಿಡಿದಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಠಕ್ಕೆ ನಡೆದುಕೊಳ್ಳುವ ಹಿರಿಯರೊಬ್ಬರು ಅದೂ ಸರಿಯೇ ಎಂಬಂತೆ ತಲೆ ಆಡಿಸಿದರು. ಆಪರೇಟರ್ ಎಂಜಿನ್ ಆರಿಸಿ ಕೆಳಗಿಳಿದ.

"ಗಂಗಮ್ಮನ್ ಇಚಾರ ಬ್ಯಾಡ ಮೇಡಂ. ನಂಗೂ ಮಕ್ಳವ್ರೆ," ಎಂದ.

ನನಗೆ ಅವರೆಲ್ಲರ ಮೇಲೆ ಬಂದ ಸಿಟ್ಟನ್ನು ಬರೆಯುವುದು ಕಷ್ಟ. ಕೆಳಗೆ ನೆಲ ಕೆಂಪು ನೀರು ಕಾರುತ್ತಿದೆ, ಇವರು ಫೋಟೋ ತೆಗೆಸಿಕೊಳ್ಳುವವನಿಗಾಗಿ ಕಾಯುತ್ತಿದ್ದಾರೆ! ಒತ್ತಡ, ಸವೆತ ಎಂದು ನಾನು ಏನೇನೋ ಕೂಗಿದೆ. ಗೋಡೆಗೆ ಹೇಳಿದ್ದರೂ ಅಷ್ಟೇ ಆಗುತ್ತಿತ್ತು. ಆಗ ಗೇಟಿನ ಹೆಂಗಸು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಅಣ್ಣಾ, ಮಡ್ಲು ತುಂಬ್ಬೇಕು ಅಂದ್ಯಲ್ಲ. ಮಡ್ಲು ತುಂಬೋರು ಯಾರು?"

"ಯಾರು ಅಂದ್ರೆ? ನಾಯಕ್ರು."

"ಮಡ್ಲು ತುಂಬೋದು ಮುತ್ತೈದೇರ ಕೆಲ್ಸ ಕಣಣ್ಣಾ. ನಿಮ್ ನಾಯಕ ಯಾವಾಗ ಮುತ್ತೈದೆ ಆದ?"

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು, ನಗು ಗಂಡಸರಿಗೂ ಹಬ್ಬಿತು. ತಲೆ ಆಡಿಸಿದ್ದ ಹಿರಿಯರು ಈಗ ಇನ್ನೊಂದು ಕಡೆಗೆ ತಲೆ ಆಡಿಸಿದರು. ಅಧ್ಯಕ್ಷರು "ಏಯ್, ಸುಮ್ಕಿರೇ" ಎಂದರು. ಅವಳು ಸುಮ್ಮನಿರುವವಳಲ್ಲ.

ಆಗ ನನ್ನ ತಲೆ ಓಡಿತು. ಇವರಿಗೆ ಎಂಜಿನಿಯರ್ ಬೇಡ, ಬಾಗಿನ ಬೇಕು. ಬಾಗಿನವೇ ಆಗಲಿ. "ಎಷ್ಟು ಹೊತ್ತು ಬೇಕು?" ಎಂದು ಅವಳನ್ನು ಕೇಳಿದೆ. "ನೀವ್ ಮಿಷನ್ ಸ್ಟಾರ್ಟ್ ಮಾಡ್ಸಿ" ಎಂದಳು.

ಹೆಂಗಸರು ಮನೆಗಳಿಗೆ ಓಡಿದರು. ಗೌರಿ ಹಬ್ಬದ ಹಳೆಯ ಮೊರಗಳು ಬಂದವು. ಅರಿಶಿನ, ಕುಂಕುಮ, ಬಳೆ, ಕನ್ನಡಿ, ರವಿಕೆ ಬಟ್ಟೆ, ಒಂದೊಂದು ಹಿಡಿ ಅಕ್ಕಿ ಬೇಳೆ, ಬೆಲ್ಲದಚ್ಚು, ತೆಂಗಿನಕಾಯಿ. ಯಾರೋ ಹೊಸ ಬಾಚಣಿಗೆ ಸಿಗದೆ ತನ್ನದೇ ತಲೆಯದ್ದನ್ನು ತೊಳೆದು ಹಾಕಿದಳು. ಒಂದು ಮೊರದ ಮೇಲೆ ಇನ್ನೊಂದು ಮೊರ ಮುಚ್ಚಿ, ಮುತ್ತೈದೆಯರು ಕೈ ಹಿಡಿದು ನೀರಿಗೆ ಬಿಟ್ಟರು. ಮೊರ ತೇಲಿತು, ಸುತ್ತು ಹೊಡೆಯಿತು, ಪೈಪಿನ ಬಾಯಿಗೆ ಹೋಗಿ ಜಾಲಿ ಕೊಂಬೆಗೆ ತಗುಲಿ ನಿಂತಿತು.

"ನೋಡ್ರಪ್ಪಾ," ಎಂದಳು ಗೇಟಿನವಳು, "ಗಂಗಮ್ಮ ಹೊಂಟವ್ಳೆ, ದಾರಿ ಇಲ್ಲ ಅಂತ ಬಾಗ್ಲಲ್ಲಿ ನಿಂತವ್ಳೆ."

ಅಷ್ಟು ಸಾಕಾಯಿತು. ಆಪರೇಟರ್ ಕೈ ಮುಗಿದು ಯಂತ್ರ ಹತ್ತಿದ. ಅಧ್ಯಕ್ಷರು ಫೋನ್ ಕಿವಿಗೆ ಹಿಡಿದು ದೂರ ಹೋದರು.

ಒಡೆಯುವುದಕ್ಕೂ ಕ್ರಮವಿದೆ. ನಡುವೆ ಒಂದೇ ಸಲ ಗುಂಡಿ ಹೊಡೆದರೆ ನೀರು ಅಲ್ಲೇ ನುಗ್ಗಿ, ಕೆಳಗಿನ ಹಳೆಯ ಕಲ್ಲನ್ನೂ ಕಿತ್ತು ಕೆರೆಯನ್ನೇ ಬರಿದು ಮಾಡುತ್ತದೆ. ಯಂತ್ರವನ್ನು ತುಂಬಿದ ಮಣ್ಣಿನ ಮೇಲೆ ಹತ್ತಗೊಡದೆ ಪಕ್ಕದ ಬಂಡೆಯ ಮೇಲೆ ನಿಲ್ಲಿಸಿದೆ. ಮೊದಲು ಜನರಿಂದ ಪೇವರುಗಳನ್ನು ಕೀಳಿಸಿದೆ. ಕಿತ್ತ ಇಟ್ಟಿಗೆಗಳನ್ನು ಜನ ಪಕ್ಕಕ್ಕಿಡುವ ಬದಲು ಮನೆಗೆ ಸಾಗಿಸಿದರು, ನಾನು ನೋಡದ ಹಾಗೆ ಇದ್ದೆ. ಆಮೇಲೆ ಹೊರಬದಿಯಿಂದ ಶುರುಮಾಡಿ, ಅಗಲಕ್ಕೂ ಸಮನಾಗಿ, ಪದರ ಪದರವಾಗಿ ಮಣ್ಣು ಕೆರೆಸಿದೆ. ತೆಳ್ಳಗೆ ನೀರು ಹತ್ತಿ ಬರತೊಡಗಿತು. ಉಳಿದ ಮಣ್ಣನ್ನು ಅದೇ ತೊಳೆದುಕೊಂಡಿತು. ಪೈಪುಗಳನ್ನು ಒಂದೊಂದಾಗಿ ಬಕೆಟ್ಟಿನಲ್ಲಿ ಎತ್ತಿ ದಡಕ್ಕೆ ಎಸೆದೆವು. ಹಳೆಯ ಕಲ್ಲಿನ ನೆತ್ತಿ ಕಂಡ ಕೂಡಲೇ ಸಾಕು ಎಂದು ಕೂಗಿದೆ. ಅಲ್ಲಿಂದಾಚೆಗೆ ಯಂತ್ರದ ಕೆಲಸವಿರಲಿಲ್ಲ. ಕೋಡಿ ತನ್ನ ಅಗಲಕ್ಕೆ ತಾನು ಹರಿಯತೊಡಗಿತು, ಹಳ್ಳ ಆ ನೀರನ್ನು ಕಾಲೋನಿಯಿಂದ ದೂರಕ್ಕೆ ಕೊಂಡೊಯ್ಯಿತು.

ಸಂಜೆ ಬೆಳಕಿರುವಾಗಲೇ ಅವಳ ಬಚ್ಚಲ ಹಿಂದೆ ಹೋಗಿ ನೋಡಿದೆವು. ಜಲ್ಲಿಯ ಸಂದಿನಿಂದ ಬರುವ ನೀರು ಮತ್ತೆ ತಿಳಿಯಾಗಿತ್ತು. ನಾನು ಆ ಒಗೆಯುವ ಕಲ್ಲಿನ ಮೇಲೆ ಕೂತೆ. ಅವಳು ಒಳಗೆ ಹೋಗಿ ಚಾ ಕಾಯಿಸಿ ತಂದಳು. ಆ ರಾತ್ರಿ ಮಾತ್ರ ಕಾಲೋನಿಯವರು ಶಾಲೆಯಲ್ಲೇ ಮಲಗಲಿ ಎಂದೆ.

ಮರುದಿನ ಮಳೆ ಬಿಟ್ಟಿತ್ತು. ಎಲ್ಲರಿಗಿಂತ ಮೊದಲು ಬಂದ ಸಾಹೇಬರು ಕೋಡಿಯ ಹತ್ತಿರ ನಿಂತು ಬಿಳಿಚಿಕೊಂಡರು.

"ಇದೇನಮ್ಮಾ ಮಾಡಿಟ್ಟಿದೀಯ?"

"ಪುನಃಸ್ಥಾಪನೆ ಸಾರ್. ಮೊದಲು ಹೇಗಿತ್ತೋ ಹಾಗೆ."

ಸಸ್ಪೆಂಡ್ ಮಾಡಿಸುತ್ತೇನೆ ಎಂದರು. ಮಾಡಿಸಿ ಎಂದೆ. ಅಷ್ಟರಲ್ಲಿ ನಾಯಕರ ಕಾರುಗಳ ಸಾಲು ಬಂತು. ಬ್ಯಾಟರಿ ಗಾಡಿ ಕೋಡಿಯವರೆಗೆ ಬಂದು ನಿಂತಿತು, ಮುಂದೆ ದಾರಿಯಿರಲಿಲ್ಲ. ಅಧ್ಯಕ್ಷರು ನನ್ನ ಕಡೆ ಬೆರಳು ತೋರಿಸುತ್ತ ಏನೋ ಪಿಸುಗುಟ್ಟಲು ಹೋದರು. ನಾಯಕರು ಕೇಳಿಸಿಕೊಳ್ಳಲಿಲ್ಲ. ಅವರು ಹಾಲುನೊರೆಯಾಗಿ ಕಲ್ಲಿನ ಮೇಲಿಂದ ಜಾರುವ ನೀರನ್ನೇ ನೋಡುತ್ತಿದ್ದರು.

"ಏಯ್, ಇದು ಫಾಲ್ಸು ಕಣ್ರೋ!" ಎಂದರು. "ಇಷ್ಟ್ ಚೆನ್ನಾಗಿರೋ ಫಾಲ್ಸ್ ಇಟ್ಕೊಂಡು ಹೇಳೇ ಇಲ್ವಲ್ರೀ ನನಗೆ. ಫೋಟೋ ತೆಗೀರೋ."

ಫೋಟೋ ತೆಗೆದರು. ಎಡದಿಂದ, ಬಲದಿಂದ, ಕನ್ನಡಕ ಹಾಕಿಕೊಂಡು, ತೆಗೆದು. ಇನ್ನೊಂದು ಬಾಗಿನವನ್ನೂ ಬಿಟ್ಟರು, ಅದು ಯಾವ ಕೊಂಬೆಗೂ ತಗುಲದೆ ಸೊಯ್ಯನೆ ಜಾರಿಹೋಯಿತು. ಸಾಹೇಬರ ಮುಖಕ್ಕೆ ಬಣ್ಣ ಮರಳಿತು. "ನಮ್ಮ ಇಲಾಖೆಯಿಂದಲೇ ಡೆವಲಪ್ ಮಾಡಿಸಿದ್ದು ಸಾರ್" ಎಂದು ಅವರು ಹೇಳಿದ್ದನ್ನು ನಾನು ಈ ಕಿವಿಯಾರೆ ಕೇಳಿದೆ. ತಿಂಗಳುಗಟ್ಟಲೆ ಲೆವೆಲ್ಲು ಹಿಡಿದು ನಾನು ಹೇಳಿ ಸೋತದ್ದನ್ನು ಒಂದು ಫೋಟೋ ಗೆದ್ದುಕೊಟ್ಟಿತು. ಇಂ‍ಥ ಗೆಲುವಿನ ಮೇಲೆ ಉಗುಳಬೇಕು ಅನ್ನಿಸಿತು, ಆದರೆ ಗೆಲುವನ್ನು ಬಿಟ್ಟುಕೊಡುವಷ್ಟು ದಡ್ಡಿ ನಾನಲ್ಲ.

ಕೊನೆಗೆ ನಾಯಕರಿಗೆ ಊರಿನ ಹೆಂಗಸೊಬ್ಬಳ ಜೊತೆ ಮಾತಾಡುವ ವಿಡಿಯೋ ಬೇಕಾಯಿತು. ಹತ್ತಿರದಲ್ಲಿದ್ದ ಗೇಟಿನವಳನ್ನೇ ಎಳೆದು ನಿಲ್ಲಿಸಿದರು. ನಾಯಕರು ಅವಳ ತಲೆಯ ಮೇಲೆ ಕೈಯಿಟ್ಟರು.

"ಹೇಳಮ್ಮಾ, ಈ ಪಾರ್ಕಿಗೆ, ಈ ಕೆರೆಗೆ ಇನ್ನೇನ್ ಮಾಡಿಸ್ಬೇಕು? ಸಂಕೋಚ ಬೇಡ, ಕೇಳು."

ಅವಳು ಕೋಡಿಯನ್ನು ನೋಡಿದಳು, ಕೆಳಗೆ ತನ್ನ ಮನೆಯ ಶೀಟನ್ನು ನೋಡಿದಳು.

"ಏನೂ ಮಾಡ್ಬ್ಯಾಡಿ ಸ್ವಾಮಿ. ನಿಮ್ ಕಾಲಿಗ್ ಬೀಳ್ತೀನಿ, ಇನ್ನೇನೂ ಮಾಡ್ಬ್ಯಾಡಿ."

ನಾಯಕರ ಗಮನ ಅಷ್ಟರಲ್ಲಾಗಲೇ ಕ್ಯಾಮೆರಾದ ಕಡೆಗಿತ್ತು.

"ಆಯ್ತಮ್ಮಾ, ಖಂಡಿತ ಮಾಡಿಸ್ತೀನಿ," ಎಂದು ಅಭಯ ಕೊಟ್ಟರು. ಹಿಂದೆ ನಿಂತ ಸಾಹೇಬರ ಕಡೆಗೆ ತಿರುಗಿ, "ನೋಡ್ರೀ, ಈಯಮ್ಮ ಏನ್ ಕೇಳಿದ್ರೋ ಅದು ಹಂಗೇ ಆಗ್ಬೇಕು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು ಯೆಸ್ ಸಾರ್ ಎಂದರು.

ನಾನು ಅದನ್ನು ಆದೇಶವೆಂದೇ ತೆಗೆದುಕೊಂಡೆ. ನೀರು ಇಳಿದ ಮೇಲೆ ಬಾಕಿಯಿದ್ದ ರಿಪೇರಿಯಷ್ಟನ್ನು ಮಾತ್ರ ಮುಗಿಸಿದೆ, ಕೋಡಿಯ ಮಟ್ಟಕ್ಕೆ ಹಾಸುಗಲ್ಲು ಕೂರಿಸಿ, ಎರಡು ಕಡೆ ಮೆಟ್ಟಿಲು ಕಟ್ಟಿಸಿ, ಏರಿಯ ಬುಡ ಭದ್ರ ಮಾಡಿಸಿ ಕೈತೊಳೆದುಕೊಂಡೆ. ಅಲ್ಲಿಂದಾಚೆ ಪೇವರು, ಅಟ್ಟಣೆ, ಬಣ್ಣದ ದೀಪ ಎಂದು ಯಾರು ಏನು ಹೊತ್ತು ತಂದರೂ ನಾಯಕರು ಕೊಟ್ಟ ಮಾತನ್ನು ಎದುರಿಗಿಟ್ಟೆ. ನನ್ನ ಸರ್ವಿಸ್ಸಿನಲ್ಲಿ ಎಷ್ಟೋ ಆಶ್ವಾಸನೆಗಳನ್ನು ಕೇಳಿದ್ದೇನೆ. ಅಕ್ಷರಕ್ಕೆ ಅಕ್ಷರ ಈಡೇರಿದ್ದನ್ನು ಕಂಡದ್ದು ಅದೊಂದನ್ನೇ.